ಕೆಮ್ಮಣ್ಣುಗುಂಡಿಯ ಗಾಳಿ, ರಕ್ತದೊಳಗಿನ ಕಬ್ಬಿಣ

ಹೊಸಹಳ್ಳಿಯ ನನ್ನ ಕ್ಲಿನಿಕ್ಕಿಗೆ ಒಂದು ಸಂಜೆ ಮೂವರು ಒಟ್ಟಿಗೆ ಬಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಈಗ ಇಲ್ಲಿ ಮಗನ ಮನೆಯಲ್ಲಿರುವ ಹಿರಿಯರು, ಅವರ ಪತ್ನಿ, ಮತ್ತು ಆರು ತಿಂಗಳ ಬಸುರಿ ಸೊಸೆ. ಸೊಸೆಗೆ ಇಪ್ಪತ್ತನಾಲ್ಕು ವರ್ಷ. ಚೊಚ್ಚಲ ಬಸಿರು. ಮೊದಲ ಮಹಡಿಯಲ್ಲಿರುವ ಮನೆಗೆ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ, ಊಟ ಸೇರುವುದಿಲ್ಲ, ಮುಖ ಬಿಳಿಚಿಕೊಂಡಿದೆ ಎಂಬುದು ಅತ್ತೆಯ ದೂರು.

ಮಾವನವರು ಮಾತ್ರ ಕಾಯಿಲೆಯ ಜೊತೆಗೇ ಚಿಕಿತ್ಸೆಯನ್ನೂ ತೀರ್ಮಾನಿಸಿಕೊಂಡು ಬಂದಿದ್ದರು. "ಡಾಕ್ಟ್ರೇ, ಈ ಬೆಂಗಳೂರಿನ ಹೊಗೆಯಲ್ಲಿ ಇವಳು ಸುಧಾರಿಸೋದಿಲ್ಲ. ಹದಿನೈದು ದಿನ ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋಗ್ತೀನಿ. ಮಹಾರಾಜರೇ ಆರೋಗ್ಯಕ್ಕೆ ಅಂತ ಹೋಗ್ತಿದ್ದ ಜಾಗ ಅದು. ಅಲ್ಲಿ ಮಣ್ಣಲ್ಲೇ ಕಬ್ಬಿಣ ಇದೆ, ನಾವೇ ಕಾರ್ಖಾನೇಲಿ ಕರಗಿಸಿದೀವಿ. ಆ ನೀರು ಕುಡಿದರೆ ರಕ್ತ ತಾನಾಗಿ ಬರಲ್ವಾ?" ಎಂದರು.

ಆಗ ಅತ್ತೆ ತಲೆ ತಗ್ಗಿಸಿಕೊಂಡು ಇನ್ನೊಂದು ವಿಷಯ ಹೇಳಿದರು. ಸೊಸೆಯ ಸೆರಗಿನ ಗಂಟಿನಲ್ಲಿ ಕೆಂಪು ಹಂಚಿನ ಚೂರು, ಕೆಮ್ಮಣ್ಣಿನ ಹೆಂಟೆ ಸಿಕ್ಕಿವೆ. ಯಾರೂ ಇಲ್ಲದಾಗ ತಿನ್ನುತ್ತಾಳೆ. ಹುಡುಗಿ ನಾಚಿಕೆಯಿಂದ ಅತ್ತುಬಿಟ್ಟಳು.

ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 6.8 ಗ್ರಾಂ ಬಂತು. ಬಸುರಿಯಲ್ಲಿ ಅದು ಕನಿಷ್ಠ 11 ಇರಬೇಕು. ಏಳಕ್ಕಿಂತ ಕಡಿಮೆಯಾದರೆ ನಾವು ಅದನ್ನು ತೀವ್ರ ರಕ್ತಹೀನತೆ ಎನ್ನುತ್ತೇವೆ. ಹೆರಿಗೆಯ ವೇಳೆ ಸಾಮಾನ್ಯವಾಗಿ ಹೋಗುವಷ್ಟು ರಕ್ತ ಹೋದರೂ ಅಂಥ ತಾಯಿಯ ಪ್ರಾಣಕ್ಕೆ ಸಂಚಕಾರ ಬರಬಹುದು.

ಓದುಗರೇ, ಆ ಹಿರಿಯರ ಮಾತನ್ನು ಕೇಳಿ ನಗಬೇಡಿ. ಅವರ ನಂಬಿಕೆಗೆ ದೊಡ್ಡ ಇತಿಹಾಸವಿದೆ, ಅದರಲ್ಲಿ ಅರ್ಧ ಸತ್ಯವೂ ಇದೆ. ಆ ಅರ್ಧ ಸತ್ಯ ಯಾವುದು, ಉಳಿದರ್ಧ ಏಕೆ ಅಪಾಯಕಾರಿ ಎಂಬುದನ್ನು ಅವರ ಮನೆಯವರ ಒಪ್ಪಿಗೆ ಪಡೆದು ಈ ವಾರ ವಿವರಿಸುತ್ತೇನೆ.

ಒಂದೇ ಬೆಟ್ಟದಲ್ಲಿ ಆರೋಗ್ಯಧಾಮ, ಗಣಿ

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನಲ್ಲಿ, ಬಾಬಾಬುಡನ್ ಗಿರಿಶ್ರೇಣಿಯ ಮೇಲೆ, ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿದೆ ಕೆಮ್ಮಣ್ಣುಗುಂಡಿ. ಹೆಸರೇ ಹೇಳುವಂತೆ ಕೆಂಪು ಮಣ್ಣಿನ ಗುಂಡಿ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ಇಲ್ಲಿ ತಂಗುತ್ತಿದ್ದರು. ಅದರಿಂದಲೇ ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಇನ್ನೊಂದು ಹೆಸರು. ಮುಂದೆ ಅದು ಸರ್ಕಾರದ ಕೈಗೆ ಬಂತು. ಹೂದೋಟ, ಅತಿಥಿಗೃಹಗಳನ್ನು ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ.

ಅದೇ ಬೆಟ್ಟಕ್ಕೆ ಇನ್ನೊಂದು ಮುಖವಿತ್ತು. ಭದ್ರಾ ನದಿಯ ದಂಡೆಯ ಬೆಂಕಿಪುರ, ಅಂದರೆ ಇಂದಿನ ಭದ್ರಾವತಿಯಲ್ಲಿ, ಮೈಸೂರು ಸಂಸ್ಥಾನವು 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಕೈಹಾಕಿತು. 1923ರಲ್ಲಿ ಊದುಕುಲುಮೆ ಉರಿಯಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡರು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮಲೆನಾಡಿನ ಸೌದೆಯನ್ನು ಇದ್ದಿಲು ಮಾಡಿ ಅದರಿಂದಲೇ ಕಬ್ಬಿಣ ಕರಗಿಸಿದ ಕಾರ್ಖಾನೆ ಅದು. ಅದಕ್ಕೆ ಬೇಕಾದ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಬೆಟ್ಟದಲ್ಲಿ ಅಗೆದ ಅದಿರು ಹಗ್ಗದ ದಾರಿಯ ತೊಟ್ಟಿಲುಗಳಲ್ಲಿ ಕೂತು ಕಾಡಿನ ಮೇಲೆ ತೇಲುತ್ತಾ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಭದ್ರಾವತಿಗೆ ಸಾಗುತ್ತಿತ್ತು. ಹೀಗೆ ಒಂದೇ ಬೆಟ್ಟದಲ್ಲಿ ಒಂದು ಕಡೆ ಮಹಾರಾಜರ ಹೂದೋಟ, ಇನ್ನೊಂದು ಕಡೆ ಕೆಂಪು ದೂಳು ಮೆತ್ತಿಕೊಂಡ ಕೂಲಿಗಾರರು.

ಇಂದು ಆ ಗಣಿಯೂ ಇಲ್ಲ, ತೊಟ್ಟಿಲುಗಳೂ ಓಡುವುದಿಲ್ಲ. ಹಗ್ಗದ ದಾರಿಯ ತುಕ್ಕು ಹಿಡಿದ ಅವಶೇಷಗಳು ಅಲ್ಲಲ್ಲಿ ಉಳಿದಿವೆ. ಶನಿವಾರ, ಭಾನುವಾರ ಪ್ರವಾಸಿಗರು ಬಂದು, ಝಡ್ ಪಾಯಿಂಟ್ ಹತ್ತಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ವೈದ್ಯರು ಚೀಟಿಯಲ್ಲಿ "ಹವಾ ಬದಲಾವಣೆ" ಎಂದು ಬರೆದು ರೋಗಿಗಳನ್ನು ಬೆಟ್ಟಕ್ಕೆ ಕಳುಹಿಸುತ್ತಿದ್ದ ಕಾಲ ಹೋಯಿತು. ಏಕೆ ಹೋಯಿತು ಎಂಬುದನ್ನು ತಿಳಿದರೆ ನಮ್ಮ ದೇಹದ ಬಗೆಗೂ ಸ್ವಲ್ಪ ತಿಳಿದಂತಾಗುತ್ತದೆ.

ಬೆಟ್ಟದ ಗಾಳಿಯಲ್ಲಿ ಏನಿತ್ತು?

ಹಳಬರು ಸುಮ್ಮನೆ ಬೆಟ್ಟ ಹತ್ತುತ್ತಿರಲಿಲ್ಲ. ಒಂದು ಕಾಲದಲ್ಲಿ ಮಲೆನಾಡೆಂದರೆ ಚಳಿಜ್ವರದ ನಾಡು. ಬಯಲುಸೀಮೆಯವರು ಅಲ್ಲಿಗೆ ಹೆಣ್ಣು ಕೊಡಲು ಹಿಂದುಮುಂದು ನೋಡುತ್ತಿದ್ದರು. ಮಕ್ಕಳ ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿಕೊಂಡು "ಜ್ವರಗಡ್ಡೆ" ಕೈಗೆ ಸಿಗುತ್ತಿತ್ತು. ಇದಕ್ಕೆ ಕಾರಣ ಮಲೇರಿಯಾ. ಮಲೆನಾಡಿನ ಹಳ್ಳ ತೊರೆಗಳ ನಿಧಾನವಾಗಿ ಹರಿಯುವ ತಿಳಿನೀರಿನಲ್ಲಿ ಮರಿ ಮಾಡುವ ಅನಾಫಿಲಿಸ್ ಜಾತಿಯ ಸೊಳ್ಳೆ ಅದನ್ನು ಹರಡುತ್ತಿತ್ತು. ಮಲೇರಿಯಾ ಕ್ರಿಮಿ ವಾಸಮಾಡುವುದು ಕೆಂಪು ರಕ್ತಕಣದ ಒಳಗೆ. ಒಂದೊಂದು ಸಲ ಚಳಿ ಬಂದು ನಡುಗಿದಾಗಲೂ ಲಕ್ಷಾಂತರ ರಕ್ತಕಣಗಳು ಒಡೆಯುತ್ತವೆ. ವರ್ಷವರ್ಷವೂ ಜ್ವರ ಬರುವವನು ಬಿಳಿಚಿಕೊಳ್ಳದೆ ಇನ್ನೇನಾದಾನು?

ಎತ್ತರಕ್ಕೆ ಹೋದಂತೆ ಚಳಿ ಹೆಚ್ಚು. ಚಳಿ ಹೆಚ್ಚಿದಷ್ಟೂ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕ್ರಿಮಿ ಬೆಳೆಯುವುದು ನಿಧಾನ. ಕ್ರಿಮಿ ಪಕ್ವವಾಗುವ ಮೊದಲೇ ಸೊಳ್ಳೆಯ ಆಯುಸ್ಸು ಮುಗಿಯುತ್ತದೆ. ಆದ್ದರಿಂದ ಕಣಿವೆಯಲ್ಲಿದ್ದು ಪದೇ ಪದೇ ಜ್ವರ ಬರುತ್ತಿದ್ದವರು ಬೆಟ್ಟದ ಮೇಲೆ ಎರಡು ತಿಂಗಳು ಇದ್ದರೆ ಜ್ವರ ತಪ್ಪಿ, ಹಸಿವು ಹೆಚ್ಚಿ, ಕೆನ್ನೆಗೆ ಬಣ್ಣ ಬರುತ್ತಿತ್ತು. ಜನ "ಗಾಳಿ ಒಳ್ಳೆಯದು" ಎಂದರು. ನಿಜವಾಗಿ ಒಳ್ಳೆಯದಾದದ್ದು ಸೊಳ್ಳೆ ತಪ್ಪಿದ್ದರಿಂದ.

ಇದಕ್ಕೊಂದು ಸ್ವಾರಸ್ಯದ ಉದಾಹರಣೆಯಿದೆ. 1897ರಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯರು ರಜೆಯ ಮೇಲೆ ಊಟಿಗೆ ಹೋಗಿದ್ದರು. ಊಟಿಯ ಎತ್ತರದಲ್ಲೇ ಇದ್ದಿದ್ದರೆ ಕ್ಷೇಮವಾಗಿರುತ್ತಿದ್ದರು. ಮಲೇರಿಯಾ ಹುಡುಕುತ್ತ ಸೀಗೂರು ಘಾಟಿಗೆ ಇಳಿದು ತಾವೇ ಮಲೇರಿಯಾ ಹಿಡಿಸಿಕೊಂಡರು! ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕ್ರಿಮಿಯನ್ನು ಕಂಡುಹಿಡಿದವರು ಇವರೇ. ಮುಂದೆ ನೊಬೆಲ್ ಬಹುಮಾನ ಪಡೆದರು. ಬೆಟ್ಟದ ರಹಸ್ಯ ಅಲ್ಲಿಗೆ ಬಯಲಾಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಮನೆಗೆ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಕಣಿವೆಯಲ್ಲೂ ಜ್ವರ ತಗ್ಗಿತು. ಜ್ವರಕ್ಕೆ ಹೆದರಿ ಬೆಟ್ಟಕ್ಕೆ ಓಡುವ ಅಗತ್ಯವೂ ತಗ್ಗಿತು.

ಎರಡನೆಯದು ಕ್ಷಯ. ಔಷಧವಿಲ್ಲದ ಕಾಲದಲ್ಲಿ ಕ್ಷಯರೋಗಿಗೆ ಶುದ್ಧ ಗಾಳಿ, ವಿಶ್ರಾಂತಿ, ಹಾಲು ಮೊಟ್ಟೆ ಇವಿಷ್ಟೇ ಚಿಕಿತ್ಸೆ. ಅರಮನೆಯನ್ನೂ ಆ ರೋಗ ಬಿಡಲಿಲ್ಲ. ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ಏರ್ಪಟ್ಟದ್ದು ಇದೇ ಹಿನ್ನೆಲೆಯಲ್ಲಿ. 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಬಂತು. ಆನಂತರ ಮದರಾಸಿನಲ್ಲಿ ಒಂದು ಮಹತ್ವದ ಪ್ರಯೋಗ ನಡೆಯಿತು. ಕ್ಷಯರೋಗಿಗಳ ಎರಡು ಗುಂಪು ಮಾಡಿ, ಒಂದು ಗುಂಪನ್ನು ಆರೋಗ್ಯಧಾಮದಲ್ಲಿಟ್ಟು, ಇನ್ನೊಂದನ್ನು ಅವರವರ ಕಿಕ್ಕಿರಿದ ಬಡ ಮನೆಗಳಲ್ಲೇ ಬಿಟ್ಟು, ಇಬ್ಬರಿಗೂ ಒಂದೇ ಔಷಧ ಕೊಟ್ಟರು. 1959ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನೇ ಬೆರಗುಗೊಳಿಸಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಗುಣಪಡಿಸಿದ್ದು ತಪ್ಪದೆ ನುಂಗಿದ ಔಷಧ, ಬೆಟ್ಟದ ಗಾಳಿಯಲ್ಲ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದದ್ದೂ ಅದೇ 1959ರಲ್ಲಿ. ಆರೋಗ್ಯಧಾಮಗಳ ಕಾಲ ಹೀಗೆ ಮುಗಿಯಿತು.

ಕಬ್ಬಿಣದ ನೀರು ಕುಡಿದವರು

ಈಗ ಹಿರಿಯರ ಎರಡನೆಯ ಮಾತಿಗೆ ಬರೋಣ. "ಮಣ್ಣಲ್ಲಿ ಕಬ್ಬಿಣವಿದೆ, ನೀರಲ್ಲಿ ಬರಲ್ವಾ?"

ಈ ಪ್ರಶ್ನೆಯನ್ನು ಯುರೋಪಿನವರೂ ಕೇಳಿದ್ದರು. ಬೆಲ್ಜಿಯಂ ದೇಶದಲ್ಲಿ ಸ್ಪಾ ಎಂಬ ಊರಿದೆ. ಇಂದು ದೊಡ್ಡ ಹೋಟೆಲುಗಳಲ್ಲಿ ಎಣ್ಣೆ ತಿಕ್ಕಿ ಹಣ ಎಣಿಸುವ ಜಾಗಕ್ಕೆಲ್ಲ ಸ್ಪಾ ಎನ್ನುವುದು ಆ ಊರಿನ ಹೆಸರಿನಿಂದಲೇ. ಅಲ್ಲಿನ ಬುಗ್ಗೆಯ ನೀರಿನಲ್ಲಿ ಕಬ್ಬಿಣ ಕರಗಿದೆ. ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಅಂಥದೇ ಬುಗ್ಗೆ 1606ರಲ್ಲಿ ಪತ್ತೆಯಾಯಿತು. ಬಿಳಿಚಿಕೊಂಡ ಹೆಣ್ಣುಮಕ್ಕಳು ದೂರದೂರದಿಂದ ಬಂದು ಆ ನೀರು ಕುಡಿಯುತ್ತಿದ್ದರು, ಕೆಲವರಿಗೆ ಗುಣವೂ ಕಾಣುತ್ತಿತ್ತು. 1740ರ ದಶಕದಲ್ಲಿ ಇಟಲಿಯ ಮೆಂಗಿನಿ ಎಂಬ ವೈದ್ಯರು ರಕ್ತವನ್ನು ಸುಟ್ಟು ಬೂದಿ ಮಾಡಿ, ಅದರ ಹತ್ತಿರ ಅಯಸ್ಕಾಂತ ಹಿಡಿದರು. ಬೂದಿಯ ಕಣಗಳು ಅದಕ್ಕೆ ಅಂಟಿಕೊಂಡವು. ರಕ್ತದಲ್ಲಿ ಕಬ್ಬಿಣವಿದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. 1832ರಲ್ಲಿ ಫ್ರಾನ್ಸಿನ ಬ್ಲೋ ಎಂಬ ವೈದ್ಯರು ನಮ್ಮ ಗಂಧಿಗೆ ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು ಮುಖ್ಯವಾಗಿಟ್ಟುಕೊಂಡು ಗುಳಿಗೆ ಮಾಡಿದರು. ಇಂದಿನ ಕಬ್ಬಿಣದ ಮಾತ್ರೆಗೆ ಅದೇ ಮೂಲಪುರುಷ. ನಮ್ಮ ಆಯುರ್ವೇದವೂ ಪಾಂಡುರೋಗಕ್ಕೆ ಲೋಹಭಸ್ಮ, ಮಂಡೂರಗಳನ್ನು ಹೇಳಿದೆ. ಅಂದರೆ ಕಬ್ಬಿಣಕ್ಕೂ ರಕ್ತಕ್ಕೂ ನಂಟಿದೆ ಎಂಬ ಹಿರಿಯರ ಮಾತು ಪೂರ್ತಿ ಸರಿ.

ಹಾಗಾದರೆ ತಪ್ಪಿದ್ದೆಲ್ಲಿ? ಕಬ್ಬಿಣ ಯಾವ ರೂಪದಲ್ಲಿದೆ ಎಂಬಲ್ಲಿ.

ನೆಲದಾಳದಲ್ಲಿ ಗಾಳಿ ತಾಗದ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ. ಗಾಳಿ ತಾಗಿದೊಡನೆ ಅದು ತುಕ್ಕಾಗಿ ಕೆಳಗೆ ಕೂತುಬಿಡುತ್ತದೆ. ಕೊಳವೆಬಾವಿಯ ನೀರು ಬಕೆಟ್ಟಿನಲ್ಲಿ ನಿಂತಾಗ ಕೆಂಪು ಕಟ್ಟುವುದನ್ನು ನಮ್ಮ ಕಡೆಯ ಗೃಹಿಣಿಯರು ನೋಡಿಯೇ ಇರುತ್ತೀರಿ. ಆದ್ದರಿಂದಲೇ ಸ್ಪಾ ಊರಿನಲ್ಲಿ ಬುಗ್ಗೆಯ ಬಾಯಿಯಲ್ಲೇ ಲೋಟ ಹಿಡಿದು ಕುಡಿಯಬೇಕಿತ್ತು. ಕೆಮ್ಮಣ್ಣುಗುಂಡಿಯ ಸುತ್ತ ಇರುವುದು ಜಲಪಾತಗಳು. ಹೆಬ್ಬೆಯ ನೀರು ಎರಡು ಹಂತದಲ್ಲಿ ಧುಮುಕುತ್ತದೆ. ಅದಕ್ಕೆ ಔಷಧದ ಗುಣವಿದೆ ಎಂಬ ಮಾತೂ ಇದೆ. ಬೆಟ್ಟದ ದಾರಿಯ ಕಲ್ಲತ್ತಿಗಿರಿಯಲ್ಲಿ ವೀರಭದ್ರಸ್ವಾಮಿ ದೇಗುಲದ ಬಳಿ ಧಾರೆಯ ಕೆಳಗೆ ಭಕ್ತರು ಸ್ನಾನ ಮಾಡುತ್ತಾರೆ. ಸ್ನಾನದಿಂದ ಮೈಮನಸ್ಸಿಗೆ ಹಿತವಾಗುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೂರಾರು ಅಡಿ ಧುಮುಕಿ ನೊರೆಯಾದ ನೀರಿಗೆ ಬೇಕಾದಷ್ಟು ಗಾಳಿ ಬೆರೆತಿರುತ್ತದೆ. ಅದರಲ್ಲಿ ಕರಗಿದ ಕಬ್ಬಿಣ ಹೆಸರಿಗೂ ಉಳಿಯುವುದಿಲ್ಲ. ಇನ್ನು ಚರ್ಮದ ಮೂಲಕ ಕಬ್ಬಿಣ ರಕ್ತಕ್ಕೆ ಸೇರುವ ಮಾತೇ ಇಲ್ಲ.

ಮಣ್ಣು ತಿಂದರೆ?

ಒಳ್ಳೆಯ ದರ್ಜೆಯ ಹತ್ತು ಗ್ರಾಂ ಅದಿರಿನಲ್ಲಿ ಸುಮಾರು ಆರು ಗ್ರಾಂ ಕಬ್ಬಿಣವಿರುತ್ತದೆ. ವಯಸ್ಕರ ಇಡೀ ದೇಹದಲ್ಲಿರುವುದು ಮೂರರಿಂದ ನಾಲ್ಕು ಗ್ರಾಂ ಮಾತ್ರ! ಹಾಗಿದ್ದರೆ ಒಂದು ಚಿಟಿಕೆ ಕೆಮ್ಮಣ್ಣು ಸಾಕಲ್ಲ ಎನಿಸಬಹುದು. ಆದರೆ ಅದಿರಿನಲ್ಲಿ, ಕೆಮ್ಮಣ್ಣಿನಲ್ಲಿ ಇರುವುದು ತುಕ್ಕಿನ ರೂಪದ ಕಬ್ಬಿಣ. ಅದನ್ನು ಬಿಡಿಸಲು ಭದ್ರಾವತಿಯಲ್ಲಿ ಊದುಕುಲುಮೆಯೇ ಬೇಕಾಯಿತು. ನಮ್ಮ ಜಠರದ ಆಮ್ಲಕ್ಕೆ ಆ ಶಕ್ತಿಯಿಲ್ಲ. ತಿಂದ ಮಣ್ಣು ಹಾಗೆಯೇ ಹೊರಗೆ ಹೋಗುತ್ತದೆ. ಹೋಗುವಾಗ ಸುಮ್ಮನೆ ಹೋಗುವುದಿಲ್ಲ. ಜೇಡಿಯ ಕಣಗಳು ಊಟದಲ್ಲಿದ್ದ ಒಳ್ಳೆಯ ಕಬ್ಬಿಣವನ್ನೂ ಅಂಟಿಸಿಕೊಂಡು ಎಳೆದೊಯ್ಯುತ್ತವೆ. ಜೊತೆಗೆ ಜಂತುಹುಳುವಿನ ಮೊಟ್ಟೆಗಳು ಹೊಟ್ಟೆ ಸೇರುತ್ತವೆ. ಮಲಬದ್ಧತೆ ಕಾಡುತ್ತದೆ. ಪಟ್ಟಣದ ರಸ್ತೆ ಬದಿಯ ಮಣ್ಣಾದರೆ ಸೀಸದ ವಿಷವೂ ಇರಬಹುದು.

ಆದರೆ ಮಣ್ಣು ತಿನ್ನುವುದು ಕೆಟ್ಟ ಚಾಳಿ ಎಂದು ಬೈಯುವುದು ತಪ್ಪು. ಮಣ್ಣು, ಸೀಮೆಸುಣ್ಣ, ಬಳಪ, ವಿಭೂತಿ, ಹಸಿ ಅಕ್ಕಿ, ಮಂಜುಗಡ್ಡೆ ಇವುಗಳ ಮೇಲೆ ತಡೆಯಲಾರದ ಆಸೆ ಹುಟ್ಟುವುದು ಅನೇಕ ಸಲ ಕಬ್ಬಿಣದ ಕೊರತೆಯ ಲಕ್ಷಣ. ಏಕೆ ಹುಟ್ಟುತ್ತದೆ ಎಂಬುದು ಪೂರ್ತಿ ಬಿಡಿಸಲಾಗದ ಒಗಟು. ಆದರೆ ಕಬ್ಬಿಣದ ಚಿಕಿತ್ಸೆ ಆರಂಭಿಸಿದ ಕೆಲವೇ ದಿನಗಳಲ್ಲಿ, ರಕ್ತ ಇನ್ನೂ ಏರುವ ಮೊದಲೇ, ಈ ಆಸೆ ಮಾಯವಾಗುವುದನ್ನು ನಾವು ನೋಡುತ್ತೇವೆ. ಬೆತ್ತದಿಂದ ಬಿಡದ ಚಟ ಮಾತ್ರೆಯಿಂದ ಬಿಡುತ್ತದೆ. ನಿಮ್ಮ ಮನೆಯಲ್ಲಿ ಮಗುವೋ ಬಸುರಿಯೋ ಮಣ್ಣು ತಿನ್ನುತ್ತಿದ್ದರೆ ಮೊದಲು ರಕ್ತಪರೀಕ್ಷೆ ಮಾಡಿಸಿ, ಆಮೇಲೆ ಬುದ್ಧಿ ಹೇಳಿ.

ಗಣಿಯ ದೂಳಿನ ಮಾತು

ಬೆಟ್ಟದ ಗಾಳಿಯನ್ನು ಹೊಗಳುವಾಗ ಅದೇ ಬೆಟ್ಟದಲ್ಲಿ ದೂಳು ಕುಡಿದವರನ್ನು ಮರೆಯಬಾರದು. ಕಬ್ಬಿಣದ ದೂಳೊಂದೇ ಆದರೆ ಶ್ವಾಸಕೋಶದಲ್ಲಿ ಕೂತು ಎಕ್ಸ್‌ರೇಯಲ್ಲಿ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಹಾನಿ ಕಡಿಮೆ. ಅದರೊಡನೆ ಬೆಣಚುಕಲ್ಲಿನ ದೂಳು ಸೇರಿದರೆ ಕತೆ ಬೇರೆ. ಬೆಣಚಿನ ಸೂಕ್ಷ್ಮ ಕಣಗಳು ಶ್ವಾಸಕೋಶವನ್ನು ಗಾಯಮಾಡಿ ಕಲ್ಲಿನಂತೆ ಗಟ್ಟಿ ಮಾಡುತ್ತವೆ. ಇದೇ ಸಿಲಿಕೋಸಿಸ್. ಭಾರತದಲ್ಲಿ ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಗುರುತಿಸಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲೇ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗವಿತ್ತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು. ಗಣಿ ನಿಂತರೂ ಒಳಗೆ ಕೂತ ದೂಳು ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು.

ಗಣಿ ದೂರವಿದೆ, ನಮಗೇನು ಎನ್ನಬೇಡಿ. ಕಲ್ಲು ಕೆತ್ತುವವರು, ಗ್ರಾನೈಟ್ ಕೊಯ್ದು ಪಾಲಿಷ್ ಮಾಡುವವರು, ಮರಳು ಬಳಸಿ ಎರಕ ಹೊಯ್ಯುವವರು ನಮ್ಮ ಬಡಾವಣೆಗಳಲ್ಲೇ ಇದ್ದಾರೆ. ಕಲ್ಲನ್ನು ಒದ್ದೆ ಮಾಡಿಕೊಂಡು ಕೊಯ್ಯುವುದು ದೂಳನ್ನು ತಡೆಯುವ ಸುಲಭ ಉಪಾಯ. ಮೂಗಿಗೆ ಕಟ್ಟುವ ಕರವಸ್ತ್ರ ಸಾಲದು, ದೂಳಿಗೆಂದೇ ಮಾಡಿದ ಮಾಸ್ಕ್ ಬೇಕು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು. ವೈದ್ಯರ ಬಳಿ ಹೋದಾಗ, ಹಳೆಯದಾದರೂ ಸರಿ, ನೀವು ಯಾವ ಕೆಲಸ ಮಾಡುತ್ತಿದ್ದಿರಿ ಎಂಬುದನ್ನು ತಪ್ಪದೆ ಹೇಳಿ.

ಹಾಗಾದರೆ ರಕ್ತ ಬರುವುದು ಹೇಗೆ?

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67. ನಮ್ಮ ಕರ್ನಾಟಕದಲ್ಲಿ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಹಾಗಾಗಿ ಈ ಲೇಖನ ಓದುತ್ತಿರುವ ಮನೆಗಳಲ್ಲಿ ಎರಡಕ್ಕೊಂದು ಮನೆಯಲ್ಲಾದರೂ ಈ ತೊಂದರೆ ಇರಬಹುದು.

ಲಕ್ಷಣಗಳನ್ನು ಗಮನಿಸಿ: ಬೇಗ ಆಯಾಸ, ಮೆಟ್ಟಿಲು ಹತ್ತಿದರೆ ಏದುಸಿರು, ಎದೆಬಡಿತ, ತಲೆಸುತ್ತು, ಕಣ್ಣಿನ ಕೆಳರೆಪ್ಪೆ ಒಳಗೆ ಬಿಳಿಚಿರುವುದು, ಉಗುರು ಚಪ್ಪಟೆಯಾಗಿ ಚಮಚದಂತೆ ಗುಳಿ ಬೀಳುವುದು, ಮಕ್ಕಳು ಪಾಠದಲ್ಲಿ ಹಿಂದೆ ಬೀಳುವುದು. ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12, ಬಸುರಿಯರಿಗೆ ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಲೆಕ್ಕ.

ಆಹಾರದಲ್ಲಿ ದಂಟು, ನುಗ್ಗೆ ಮುಂತಾದ ಸೊಪ್ಪು, ಹುರುಳಿ, ಅಲಸಂದೆ, ಕಡಲೆ ಮುಂತಾದ ಕಾಳು, ರಾಗಿ, ಎಳ್ಳು ಇರಲಿ. ಮಾಂಸಾಹಾರಿಗಳಿಗೆ ಮಾಂಸ, ಮೀನು, ಈಲಿ ಒಳ್ಳೆಯವು, ಅವುಗಳ ಕಬ್ಬಿಣ ಬೇಗ ಸೇರುತ್ತದೆ. ಆದರೆ ಬಸುರಿಯರು ಈಲಿಯನ್ನು ಹೆಚ್ಚಾಗಿ ತಿನ್ನಬಾರದು, ಅದರಲ್ಲಿ ಎ ಜೀವಸತ್ವ ಅತಿಯಾಗಿರುತ್ತದೆ. ಸೊಪ್ಪುಕಾಳಿನ ಕಬ್ಬಿಣ ಸೇರಲು ಸಿ ಜೀವಸತ್ವದ ನೆರವು ಬೇಕು. ಆದ್ದರಿಂದ ಕೋಸಂಬರಿಗೆ ನಿಂಬೆಹಣ್ಣು ಹಿಂಡಿ, ಊಟದ ಜೊತೆ ನೆಲ್ಲಿಕಾಯಿ, ಸೀಬೆ, ಕಿತ್ತಳೆ ತಿನ್ನಿ. ಕಾಳನ್ನು ಮೊಳಕೆ ಕಟ್ಟಿ ಬಳಸಿ. ಊಟವಾದ ತಕ್ಷಣ ಕಾಫಿ, ಚಹಾ ಬೇಡ. ಒಂದು ಗಂಟೆಯಾದರೂ ಬಿಡಿ. ಅಜ್ಜಿಯ ಕಬ್ಬಿಣದ ಬಾಣಲೆಯನ್ನು ಅಟ್ಟದಿಂದ ಇಳಿಸಿ, ಹುಣಸೆಹುಳಿಯ ಗೊಜ್ಜನ್ನು ಅದರಲ್ಲಿ ಕುದಿಸಿದರೆ ಸ್ವಲ್ಪ ಕಬ್ಬಿಣ ಅಡುಗೆಗೆ ಬರುತ್ತದೆ. ಇಲ್ಲಿ ಬರುವ ಕಬ್ಬಿಣ ಲೋಹದ್ದು, ಹುಳಿಯಲ್ಲಿ ಕರಗುತ್ತದೆ. ಮಣ್ಣಿನ ಕಬ್ಬಿಣದಂತಲ್ಲ.

ಆದರೆ ಒಮ್ಮೆ ರಕ್ತಹೀನತೆ ಬಂದ ಮೇಲೆ ಊಟವೊಂದರಿಂದಲೇ ಅದು ಸರಿಹೋಗುವುದು ಕಷ್ಟ, ಮಾತ್ರೆ ಬೇಕೇ ಬೇಕು. ಬಸುರಿಗೆ ಒಟ್ಟು ಸುಮಾರು ಒಂದು ಗ್ರಾಂ ಹೆಚ್ಚುವರಿ ಕಬ್ಬಿಣ ಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಕೆಂಪು ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ಬಸಿರಿನಲ್ಲಿ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳಬೇಕು. ಮಲ ಕಪ್ಪಗೆ ಹೋಗುವುದು ಸಹಜ, ಹೆದರಬೇಡಿ. ಹೊಟ್ಟೆ ತೊಳಸಿದರೆ ಊಟದ ನಂತರ ತೆಗೆದುಕೊಳ್ಳಿ ಅಥವಾ ವೈದ್ಯರನ್ನು ಕೇಳಿ, ಬೇರೆ ಮಾತ್ರೆಯನ್ನೋ ದಿನ ಬಿಟ್ಟು ದಿನದ ಕ್ರಮವನ್ನೋ ಹೇಳುತ್ತಾರೆ. ಹಾಲು, ಸುಣ್ಣಾಂಶದ ಮಾತ್ರೆಗಳೊಡನೆ ಬೇಡ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ದೇಹದ ಉಗ್ರಾಣ ತುಂಬುತ್ತದೆ. ಮಾತ್ರೆಗಳನ್ನು ಪುಟ್ಟ ಮಕ್ಕಳ ಕೈಗೆ ಎಟಕದಂತೆ ಇಡಿ. ಮಿಠಾಯಿ ಎಂದು ಹಿಡಿತುಂಬ ನುಂಗಿದ ಮಗುವಿಗೆ ಅದು ಪ್ರಾಣಾಂತಿಕ ವಿಷ.

ರಕ್ತ ಸೋರುವ ದಾರಿಯನ್ನೂ ಮುಚ್ಚಬೇಕು. ಬರಿಗಾಲಿನಲ್ಲಿ ಓಡಾಡುವವರ ಪಾದದ ಮೂಲಕ ಕೊಕ್ಕೆಹುಳು ಒಳಸೇರಿ ಕರುಳಿನಲ್ಲಿ ರಕ್ತ ಹೀರುತ್ತದೆ. ಚಪ್ಪಲಿ, ಶೌಚಾಲಯ, ಜಂತುಹುಳುವಿನ ಮಾತ್ರೆ ಇವು ಅದಕ್ಕೆ ಮದ್ದು. ಮುಟ್ಟಿನಲ್ಲಿ ಅತಿಸ್ರಾವ, ಮೂಲವ್ಯಾಧಿ ಇದ್ದರೆ ಮುಚ್ಚಿಡಬೇಡಿ. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ರಕ್ತಹೀನತೆ ಬಂದರೆ ಟಾನಿಕ್ ಕುಡಿದು ಸುಮ್ಮನಾಗಬಾರದು. ಹೊಟ್ಟೆಹುಣ್ಣು, ಕರುಳಿನ ಕ್ಯಾನ್ಸರಿನಿಂದ ಒಳಗೇ ರಕ್ತ ಸೋರುತ್ತಿರಬಹುದು. ತಿಂಗಳಾದರೂ ಮಾತ್ರೆಗೆ ರಕ್ತ ಏರದಿದ್ದರೆ ಬೇರೆ ಕಾರಣ ಹುಡುಕಬೇಕು. ಹುಟ್ಟಿನಿಂದ ಬರುವ ಥಲಸ್ಸೀಮಿಯಾದಂಥ ತೊಂದರೆಗಳಲ್ಲಿ ಕಬ್ಬಿಣ ಹೆಚ್ಚಾದರೆ ಹಾನಿಯೇ ಆಗುತ್ತದೆ.

ಬೆಟ್ಟಕ್ಕೆ ಹೋಗುವವರಿಗೆ

ಹಾಗೆಂದು ಕೆಮ್ಮಣ್ಣುಗುಂಡಿಗೆ ಹೋಗಬೇಡಿ ಎನ್ನುತ್ತಿಲ್ಲ. ದಿನವಿಡೀ ಹೊಗೆಯಲ್ಲಿ, ಗಲಾಟೆಯಲ್ಲಿ ಬೇಯುವ ನಮಗೆ ನಾಲ್ಕು ದಿನದ ನಡಿಗೆ, ನಿದ್ದೆ, ಹಸುರು ಒಳ್ಳೆಯದೇ. ಆದರೆ ಅದು ವಿಶ್ರಾಂತಿಯೇ ಹೊರತು ಚಿಕಿತ್ಸೆಯಲ್ಲ. ಎತ್ತರದಲ್ಲಿ ಆಮ್ಲಜನಕ ಕೊಂಚ ಕಡಿಮೆ. ಆರೋಗ್ಯವಂತರಿಗೆ ಅದು ತಿಳಿಯುವುದೇ ಇಲ್ಲ. ರಕ್ತ ತೀರ ಕಡಿಮೆಯಿರುವವರಿಗೆ, ಹೃದಯರೋಗಿಗಳಿಗೆ ಏರು ದಾರಿಯಲ್ಲಿ ತೊಂದರೆಯಾಗಬಹುದು. ಮಳೆಗಾಲದಲ್ಲಿ ಹೆಬ್ಬೆಯ ದಾರಿಯಲ್ಲಿ ಇಂಬಳಗಳ ಕಾಟ. ಹತ್ತಿದ ಇಂಬಳವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಸೋಪಿನಲ್ಲಿ ತೊಳೆದು, ಒತ್ತಿ ಹಿಡಿದರೆ ಸಾಕು. ಬೇಸಿಗೆಯಲ್ಲಿ ಮಲೆನಾಡಿನ ಕಾಡಿಗೆ ಹೋದರೆ ಮೈತುಂಬ ಬಟ್ಟೆ ಹಾಕಿ, ಬಂದ ಮೇಲೆ ಉಣ್ಣೆ ಹುಳು ಅಂಟಿದೆಯೇ ನೋಡಿಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಸತ್ತ ಮಂಗ ಕಂಡರೆ ಮುಟ್ಟದೆ, ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಹಿಂತಿರುಗಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಆ ಸೊಸೆಯ ಕತೆ ಏನಾಯಿತು ಎಂದು ನೀವು ಕೇಳುತ್ತೀರಿ. "ಯಜಮಾನ್ರೇ, ನಿಮ್ಮ ಬೆಟ್ಟದ ಮಣ್ಣಿಂದ ಕಬ್ಬಿಣ ತೆಗೆಯೋಕೆ ಎಷ್ಟು ಗಾಡಿ ಇದ್ದಿಲು ಸುಡ್ತಿದ್ರಿ? ಇವಳ ಹೊಟ್ಟೆಯಲ್ಲಿ ಆ ಒಲೆ ಎಲ್ಲಿದೆ ಹೇಳಿ?" ಎಂದು ಕೇಳಿದೆ. ಹಿರಿಯರು ಒಂದು ಕ್ಷಣ ಯೋಚಿಸಿ, "ಹೌದಲ್ಲ ಡಾಕ್ಟ್ರೇ, ಇದು ನನಗೇ ಹೊಳೆಯಬೇಕಿತ್ತು" ಎಂದರು. ಅಂದೇ ಅವಳನ್ನು ಹೆರಿಗೆ ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿ ರಕ್ತನಾಳದ ಮೂಲಕ ಕಬ್ಬಿಣದ ಔಷಧ ಕೊಟ್ಟರು. ಹತ್ತು ದಿನದಲ್ಲಿ ಮಣ್ಣಿನ ಆಸೆ ಹೋಯಿತು. ಒಂಬತ್ತನೆಯ ತಿಂಗಳಿಗೆ ಹಿಮೋಗ್ಲೋಬಿನ್ 10.4ಕ್ಕೆ ಏರಿತು. ಸುಖವಾಗಿ ಹೆರಿಗೆಯಾಗಿ, 2.7 ಕಿಲೋ ತೂಕದ ಹೆಣ್ಣುಮಗು ಹುಟ್ಟಿತು.

ಮಗುವಿಗೆ ಮೂರು ತಿಂಗಳಾದಾಗ ಚುಚ್ಚುಮದ್ದಿನ ಬಗ್ಗೆ ಕೇಳಲು ಬಂದ ಹಿರಿಯರು, "ಈಗಲಾದರೂ ಎಲ್ಲರನ್ನೂ ಒಂದ್ಸಲ ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋಗಬಹುದಾ ಡಾಕ್ಟ್ರೇ?" ಎಂದರು. ಧಾರಾಳವಾಗಿ ಹೋಗಿಬನ್ನಿ ಎಂದೆ. ಬೆಟ್ಟ ನೋಡುವುದಕ್ಕೆ ಹೋಗಿ, ಸೊಸೆಯ ಮಾತ್ರೆಯ ಪಟ್ಟಿಯನ್ನು ಮಾತ್ರ ಮರೆಯದೆ ಚೀಲದಲ್ಲಿ ಹಾಕಿಕೊಳ್ಳಿ ಎಂದು ಹೇಳಿ ಕಳುಹಿಸಿದೆ.